ಸೂಜಿ ಹಿಡಿದ ಕೈಗೆ ಸಾಂತ್ವನ

ಕಾಯಿಲೆ ಬಿದ್ದ ಮನುಷ್ಯನು ಕಳೆದುಕೊಳ್ಳುವುದು ಏನನ್ನು? ಆರೋಗ್ಯವನ್ನು ಎನ್ನುವಿರಿ. ನಿಜ. ಆದರೆ ಅದರ ಬೆನ್ನಿಗೇ ಇನ್ನೊಂದು ನಷ್ಟವಿದೆ. ನಿನ್ನೆಯವರೆಗೆ ಮನೆಮಂದಿಗೆಲ್ಲ ಅನ್ನ ಬಡಿಸಿದ ಕೈ ಇಂದು ಒಂದು ಲೋಟ ನೀರಿಗಾಗಿ ಚಾಚಬೇಕಾಗುತ್ತದೆ. ಕೊಡುತ್ತಿದ್ದವರು ಕೇವಲ ಪಡೆಯುವವರಾಗುತ್ತಾರೆ. ಈ ಎರಡನೆಯ ನೋವಿಗೆ ಔಷಧಿ ಅಂಗಡಿಯಲ್ಲಿ ಮದ್ದು ದೊರೆಯದು.

ದೀರ್ಘ ಕಾಯಿಲೆಯ ದಿನಗಳಲ್ಲಿ ಕೆಲವರು ಸೂಜಿದಾರ ಹಿಡಿಯುವುದನ್ನು ನೀವು ಕಂಡಿರಬಹುದು. 'ಜೀವಕ್ಕೇ ಸಂಚಕಾರ ಬಂದಿರುವಾಗ ಇದೆಂಥ ಹೊಲಿಗೆ? ಸತ್ಯದಿಂದ ಮುಖ ತಿರುಗಿಸುವ ಉಪಾಯವಲ್ಲವೇ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ.

ಉತ್ತರಕ್ಕಾಗಿ ನಮ್ಮ ಕೌದಿಯನ್ನೇ ನೋಡೋಣ. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿಯುವ ಹೊದಿಕೆ ಅದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಸುತ್ತಿನ ಸಿದ್ದಿ ಮಹಿಳೆಯರೂ ಇಂಥ ಹೊದಿಕೆ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನತ್ತ ಸಾಗುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನು ಕೂಡಿಸುತ್ತಾರೆ. ಅವರಲ್ಲಿ ಕ್ರೈಸ್ತರಾದವರ ಕೆಲವು ಹೊದಿಕೆಗಳಲ್ಲಿ ಶಿಲುಬೆಯ ಆಕಾರವೂ ಇರುತ್ತದೆ. ಇಲ್ಲಿ ಹರಿದದ್ದನ್ನು ಯಾರೂ ಮುಚ್ಚಿಡುವುದಿಲ್ಲ. ಪ್ರತಿಯೊಂದು ತೇಪೆಯೂ ಕಣ್ಣಿಗೆ ಕಾಣುತ್ತದೆ. ಹರಿದದ್ದನ್ನು ಒಪ್ಪಿಕೊಂಡು ಹೊಲಿಗೆ ಹಾಕುವುದು ಪಲಾಯನವಾಗಲಾರದು. ಮುಂದಿನ ವರ್ಷದ ಮಾತನ್ನು ರೋಗಿ ಆಡಲಾರದೆ ಹೋಗಬಹುದು. ಮುಂದಿನ ಹೊಲಿಗೆ ಇನ್ನೂ ಅವರ ಕೈಯಲ್ಲಿದೆ. ಮೊಮ್ಮಗುವಿಗೆಂದು ಹೊಲಿಯುತ್ತಿದ್ದರಂತೂ ಅವರು ಮತ್ತೆ ಕೊಡುವವರಾಗಿದ್ದಾರೆ.

ದೂರದ ಅಮೆರಿಕದಲ್ಲಿಯೂ ಹೊಲಿಗೆ ಇಂಥ ಕೆಲಸ ಮಾಡಿದೆ. ಏಡ್ಸ್ ರೋಗಿಗಳನ್ನು ಸಮಾಜ ಮುಟ್ಟಲೂ ಅಂಜುತ್ತಿದ್ದ ಕಾಲ. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ನಗರದ ಬಯಲಿನಲ್ಲಿ 1,920 ಭಾಗಗಳ ಬೃಹತ್ ಕೌದಿಯೊಂದನ್ನು ಹಾಸಲಾಯಿತು. ಒಂದೊಂದು ಭಾಗವೂ 3 ಅಡಿ ಅಗಲ, 6 ಅಡಿ ಉದ್ದ; ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. ಅಗಲಿದವರ ಹೆಸರುಗಳನ್ನು ಬಂಧುಮಿತ್ರರು ಅದರಲ್ಲಿ ಹೊಲಿದಿದ್ದರು. ಆ ಹೊಲಿಗೆ ಸತ್ತವರನ್ನು ಬದುಕಿಸಲಿಲ್ಲ. ಆದರೆ ಜಗತ್ತು ಅವರನ್ನು ಮರೆಯಲು ಬಿಡಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯದ ತಬಿಥಳನ್ನು ನೆನೆಯಿರಿ. ಆಕೆ ಕಾಯಿಲೆಯಿಂದ ತೀರಿಕೊಂಡಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಉಡುಪುಗಳನ್ನು. ಆಕೆಯ ಪ್ರೀತಿಗೆ ಅವರ ಬಳಿ ಇದ್ದ ಸಾಕ್ಷಿ ಅದು.

ಹಾಗೆಂದು ಹೊಲಿಗೆಯೇ ಚಿಕಿತ್ಸೆಯಲ್ಲ. ಕ್ಯಾನ್ಸರಿನ ಕೆಲವು ಔಷಧಿಗಳು ಬೆರಳುಗಳನ್ನು ಜೋಮು ಹಿಡಿಸುತ್ತವೆ. ಬಿಳಿ ರಕ್ತಕಣಗಳು ಕುಗ್ಗಿದಾಗ ಸೂಜಿ ಚುಚ್ಚಿದ ಸಣ್ಣ ಗಾಯವೂ ಸೋಂಕಿಗೆ ದಾರಿಯಾದೀತು. ವೈದ್ಯರ ಮಾತು ಕೇಳಲೇಬೇಕು. ಇನ್ನೊಂದು ಎಚ್ಚರಿಕೆ ಆರೋಗ್ಯವಂತರಾದ ನಮಗೆ. ರೋಗಿಯ ಭಯವನ್ನು ಕೇಳುವ ತಾಳ್ಮೆಯಿಲ್ಲದೆ, 'ಏನಾದರೂ ಕೆಲಸದಲ್ಲಿ ಮನಸ್ಸಿಡಿ' ಎಂದು ಹೇಳಿ ಎದ್ದು ಬರುವುದು ಸಾಂತ್ವನವಲ್ಲ.

ರೋಗಿಗಳನ್ನು ಕಾಣಲು ಹೋಗುವಾಗ ನಾವು ಹಣ್ಣು ಒಯ್ಯುತ್ತೇವೆ. ಹೊಲಿಗೆ ಬಲ್ಲವರಾದರೆ, ಅವರ ಮೈ ಒಪ್ಪುವಂತಿದ್ದರೆ, ಒಂದು ಹಳೆಯ ಸೀರೆಯ ತುಂಡನ್ನೂ ಒಯ್ಯಿರಿ. 'ಇದರಲ್ಲಿ ನಮಗೊಂದು ಚೀಲ ಹೊಲಿದುಕೊಡುವಿರಾ?' ಎಂದು ಕೇಳಿ. ಒಲ್ಲೆನೆಂದರೆ ಒತ್ತಾಯ ಬೇಡ, ಸುಮ್ಮನೆ ಜೊತೆಗೆ ಕುಳಿತುಕೊಳ್ಳಿ. ಒಪ್ಪಿದರೆ ಸೂಜಿಗೆ ದಾರ ಪೋಣಿಸಿಕೊಡಿ. ಅವರು ಹೊಲಿದುಕೊಟ್ಟದ್ದನ್ನು ಕೃತಜ್ಞತೆಯಿಂದ ಪಡೆಯುವುದೂ ಒಂದು ಸೇವೆಯೇ.