ಹೆಜ್ಜೆ ನೋಡಿ ಬಾರಿಸುವವರು

ಕ್ರಿಸ್‌ಮಸ್ ದಿನಗಳಲ್ಲಿ ಬೆಲೀಜ್ ದೇಶದ ಡಾಂಗ್ರಿಗಾ ಪಟ್ಟಣದ ಬೀದಿಗಳಲ್ಲಿ ಗರಿಫುನಾ ಕುಣಿತಗಾರರು ಮನೆಯಿಂದ ಮನೆಗೆ ಹೋಗುತ್ತಾರೆ. ತಂತಿ ಜಾಲರಿಯ ಮುಖವಾಡದ ಮೇಲೆ ಬಿಳಿಯನ ಮುಖ, ತೆಳ್ಳನೆಯ ಮೀಸೆ. ತಲೆಗೆ ಗರಿಗಳ ಕಿರೀಟ, ಮೊಣಕಾಲಿಗೆ ಚಿಪ್ಪುಗಳ ಗೆಜ್ಜೆ. ವನರಾಗುವಾ ಎನ್ನುವ ಈ ಕುಣಿತದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವೇಷವಲ್ಲ, ಅದರ ಕಟ್ಟಳೆ. ಡೋಲಿಗೆ ತಕ್ಕ ಹಾಗೆ ಕುಣಿಯುವುದು ಇಲ್ಲಿ ಕುಣಿಯುವವನ ಹೊಣೆಯಲ್ಲ. ಅವನ ಹೆಜ್ಜೆಗೆ ತಕ್ಕ ಹಾಗೆ ಬಾರಿಸುವುದು ಡೋಲಿನವನ ಹೊಣೆ. ಕಾಲು ಯಾವ ಗಳಿಗೆಯಲ್ಲಿ ನೆಲ ಮುಟ್ಟುತ್ತದೋ ಆ ಗಳಿಗೆಯಲ್ಲೇ ಪೆಟ್ಟು ಬೀಳಬೇಕು. ಒಳ್ಳೆಯ ವಾದಕ ತನ್ನ ಕೈ ನೋಡಿಕೊಳ್ಳುವುದಿಲ್ಲ, ಎದುರಿನವನ ಪಾದ ನೋಡುತ್ತಾನೆ.

ಆ ಮುಖವಾಡದ ಬಿಳಿಯ ಯಾರೆಂದು ಊಹಿಸುವುದು ಕಷ್ಟವಲ್ಲ. ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಆಫ್ರಿಕಾದಿಂದ ಬಂದವರೂ ಅಲ್ಲಿನ ಮೂಲನಿವಾಸಿಗಳೂ ಬೆರೆತು ರೂಪುಗೊಂಡ ಜನ ಈ ಗರಿಫುನಾಗಳು. ಬ್ರಿಟಿಷರೊಡನೆ ಕಾದಾಡುತ್ತ ಅವರ ನಾಯಕ ಜೋಸೆಫ್ ಚಟೋಯರ್ 1795ರಲ್ಲಿ ಮಡಿದ. ಸೋತವರನ್ನು ಒಂದು ಪುಟ್ಟ ನಡುಗಡ್ಡೆಯಲ್ಲಿ ಕೂಡಿಹಾಕಲಾಯಿತು. ಸುಮಾರು ಅರ್ಧದಷ್ಟು ಮಂದಿ ಅಲ್ಲೇ ಸತ್ತರು. ಉಳಿದವರನ್ನು 1797ರಲ್ಲಿ ಹೊಂಡುರಾಸ್ ಕರಾವಳಿಯ ರೊಅಟಾನ್ ದ್ವೀಪಕ್ಕೆ ಸಾಗಿಸಿ ಇಳಿಸಿದರು. ಅಲ್ಲಿಂದ ಅವರು ಬೆಲೀಜ್, ಗ್ವಾಟೆಮಾಲಾ, ನಿಕರಾಗುವಾಗಳ ಕರಾವಳಿಗೂ ಹರಡಿದರು. ದೇಶದಿಂದ ಹೊರದಬ್ಬಿದವನ ಮುಖವನ್ನೇ ತೊಟ್ಟು, ಹಬ್ಬದ ದಿನ ಮಕ್ಕಳ ಮುಂದೆ ಅವನನ್ನು ಕುಣಿಸುವುದು ಸಣ್ಣ ಸೇಡಲ್ಲ.

ಡೋಲುಗಳು ಸಾಮಾನ್ಯವಾಗಿ ಎರಡು. ಗಟ್ಟಿಮರವನ್ನು ಕೊರೆದು ಚರ್ಮ ಬಿಗಿದು, ಅದರ ಮೇಲೆ ಅಡ್ಡಲಾಗಿ ತಂತಿ ಎಳೆದಿರುತ್ತಾರೆ; ಬರಿಗೈಯ ಪ್ರತಿ ಪೆಟ್ಟಿನ ಬೆನ್ನಿಗೂ ಅದು ಜುಂಯ್ ಎನ್ನುತ್ತದೆ. ದೊಡ್ಡದು ಸೆಗುಂಡಾ, ಹಿಡಿದ ಲಯವನ್ನು ಬಿಡದು. ಚಿಕ್ಕದು ಪ್ರಿಮೆರೊ, ಕೆಣಕುತ್ತ, ಪಲ್ಟಿ ಹೊಡೆಯುತ್ತ ಕುಣಿಯುವವರ ಜೊತೆ ಮಾತಿಗಿಳಿಯುತ್ತದೆ. ಶಹಭಾಸ್‌ಗಿರಿ ಸಿಗುವುದು ಪ್ರಿಮೆರೊಗೆ. ನನ್ನ ಗೌರವ ಮಾತ್ರ ಸೆಗುಂಡಾ ಬಾರಿಸುವವನಿಗೆ. ಅವನೊಬ್ಬ ತಪ್ಪಿದರೆ ಅಂಗಳಕ್ಕೆ ಅಂಗಳವೇ ತಾಳ ತಪ್ಪುತ್ತದೆ.

ಈ ಡೋಲುಗಳು ಸಾವಿನ ಮನೆಗೂ ಹೋಗುತ್ತವೆ. ಮಣ್ಣು ಮಾಡಿದ ಮೇಲೆ ಒಂಬತ್ತು ರಾತ್ರಿ ಪ್ರಾರ್ಥನೆ; ಕೊನೆಯ ರಾತ್ರಿ ಬೆಲೂರಿಯಾ. ಅಂದು ಊಟ, ರಮ್, ಬೆಳಗಿನ ತನಕ ಕಥೆ, ಜೊತೆಗೆ ಪುಂಟಾ ಕುಣಿತ. ಗಂಡು ಹೆಣ್ಣು ಜೋಡಿಯಾಗಿ ಎದುರುಬದುರು ನಿಂತು, ಪಾದ ನೆಲ ಬಿಡದಂತೆ ಸರಿಸುತ್ತ, ಸೊಂಟ ಮಾತ್ರ ಬಿರುಸಾಗಿ ಆಡಿಸುವ ಪ್ರಣಯದ ಕುಣಿತವದು. ಸಾವಿನ ಮನೆಯಲ್ಲಿ ಇದೇನು ಎಂದು ಮೂಗು ಮುರಿದ ಹೊರಗಿನವರಿಗೆ ಲೆಕ್ಕವಿಲ್ಲ. ನಮ್ಮ ಹಳ್ಳಿಗಳಲ್ಲಿ ಶವದ ಮುಂದೆ ತಮಟೆಗೆ ಕುಣಿಯುವುದನ್ನು ಕಂಡವರಿಗೆ ಅಷ್ಟು ಗಾಬರಿಯಾಗಲಿಕ್ಕಿಲ್ಲ. ಆದರೂ ಒಂಬತ್ತು ದಿನ ಕಾದು, ಅಳು ಇಳಿಯುವ ಹೊತ್ತಿಗೆ ಮನೆಯವರನ್ನು ಒಂಟಿಯಾಗಿ ಬಿಡದೆ ಊರೇ ಬಂದು ರಾತ್ರಿ ಕಳೆಯುವ ಈ ಏರ್ಪಾಟಿನಲ್ಲಿ ಬಹಳ ವಿವೇಕವಿದೆ ಅನ್ನಿಸುತ್ತದೆ.

1970ರ ದಶಕದ ಕೊನೆಯ ಹೊತ್ತಿಗೆ ಡಾಂಗ್ರಿಗಾದ ಕಲಾವಿದ ಪೆನ್ ಕಯೆಟಾನೊ ಆಮೆಚಿಪ್ಪು, ಡೋಲುಗಳ ಜೊತೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿ ಪುಂಟಾ ರಾಕ್ ಶುರುಮಾಡಿದ. ಹುಡುಗರು ತಮ್ಮ ನುಡಿಯಲ್ಲೇ ಹಾಡತೊಡಗಿದರು. ಅದರ ಅಬ್ಬರದ ಬಗ್ಗೆ ನನಗೆ ತಕರಾರಿಲ್ಲ. ಬೇಸರವಿರುವುದು ಆಮೇಲೆ ಬಂದ ಡ್ರಮ್ ಮಷಿನ್ ಬಗ್ಗೆ. ಅದಕ್ಕೆ ಎದುರಿನ ಪಾದ ಕಾಣುವುದಿಲ್ಲ. ಆ ಸಂಗೀತದಿಂದಲೇ ಹೆಸರಾದ ಆಂಡಿ ಪಲಾಸಿಯೊ ತರುಣನಿದ್ದಾಗ ಸಾಕ್ಷರತಾ ಕಾರ್ಯಕರ್ತನಾಗಿ ನಿಕರಾಗುವಾಗೆ ಹೋಗಿದ್ದ. ಅಲ್ಲಿನ ಗರಿಫುನಾ ಊರುಗಳಲ್ಲಿ ನುಡಿ ಕೆಲವೇ ಮುದುಕರ ಬಾಯಲ್ಲಿ ಉಳಿದದ್ದನ್ನು ಕಂಡು ಬೆಚ್ಚಿದ. 2007ರಲ್ಲಿ ‘ವಾಟಿನಾ’ ಎಂಬ ಆಲ್ಬಮ್ ತಂದಾಗ ಅವನು ವೇಗ ತಗ್ಗಿಸಿದ್ದ, ಹಿರಿಯ ಹಾಡುಗಾರ ಪಾಲ್ ನಾಬೊರ್ ಅವರನ್ನು ಜೊತೆಗೆ ಕರೆದಿದ್ದ. ಮರುವರ್ಷದ ಜನವರಿಯಲ್ಲಿ, ಐವತ್ತೂ ತುಂಬದೆ, ತೀರಿಕೊಂಡ.

ಗಂಡಸರ ಹೆಸರುಗಳೇ ಬಂದವು, ಆದರೆ ಹಾಡು ಕಟ್ಟುವವರಲ್ಲಿ ಹೆಂಗಸರೇ ಹೆಚ್ಚು. ಮರಗೆಣಸು ತುರಿದು, ಹೆಣೆದ ಉದ್ದನೆಯ ಚೀಲದಲ್ಲಿ ವಿಷದ ರಸ ಹಿಂಡಿ, ಎರೆಬಾ ರೊಟ್ಟಿ ಸುಡುವುದು ದಿನಗಟ್ಟಲೆಯ ಕೆಲಸ. ತುರಿಯುವ ಲಯಕ್ಕೇ ಹಾಡುಗಳಿವೆ. ಕೈ ಕೈ ಹಿಡಿದು ಸಾಲಾಗಿ ನಿಂತು ಡೋಲಿಲ್ಲದೆ ಹಾಡುವ ಅಬೈಮಹಾನಿ ಇದೆ. ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದನ್ನು ಹಾಡಿನಲ್ಲಿ ಹೇಳಬಹುದು: ಬಿಟ್ಟುಹೋದ ಗಂಡ, ಸತ್ತ ಮಗ, ಊರು ಕೆಡವಿದ ಬಿರುಗಾಳಿ. ಈ ಹೆಂಗಸರ ದನಿಗಳನ್ನು ವರ್ಷಗಳ ಕಾಲ ಹಳ್ಳಿ ಸುತ್ತಿ ಹುಡುಕಿದ ಸಂಗೀತ ನಿರ್ಮಾಪಕ ಇವಾನ್ ಡುರಾನ್ 2008ರಲ್ಲಿ ‘ಉಮಲಾಲಿ’ ಎಂಬ ಆಲ್ಬಮ್ ಹೊರತಂದ. 1961ರ ಹ್ಯಾಟಿ ಚಂಡಮಾರುತದ ಹೆಸರು ಹೊತ್ತ ಹಾಡು ಅದರಲ್ಲಿದೆ. ಅಡುಗೆಮನೆಯಲ್ಲಿ ಹುಟ್ಟಿದ ದೂರುಗಳನ್ನು ಈಗ ಜಗತ್ತೇ ಕೇಳುತ್ತದೆ. ಹಾಡಿನಲ್ಲಿ ಬೈಸಿಕೊಂಡ ಗಂಡಂದಿರ ಪಾಡು ಏನಾಗಿರಬೇಡ!