ದಡ ಸೇರಿದ ಮೇಲೆ

ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು, ಬೆಂಗಳೂರಿನಲ್ಲಿ ಜನಿಸಿದ ಅನನ್ಯಾ ಪ್ರಸಾದ್, 52 ದಿನ ಏಕಾಂಗಿಯಾಗಿ ಹುಟ್ಟು ಹಾಕಿ ಅಟ್ಲಾಂಟಿಕ್ ಸಾಗರವನ್ನು ದಾಟಿ, 2025ರಲ್ಲಿ ಆಂಟಿಗುವಾ ದ್ವೀಪವನ್ನು ಸೇರಿದರು. ಕಡಲಿನಲ್ಲಿ ಗುರಿ ಒಂದೇ. ದಡದಲ್ಲಿ ಕರ್ತವ್ಯಗಳು ನೂರು; ಅಲ್ಲಿ ಕರತಾಡನವಿಲ್ಲ. ಹಾಗಾದರೆ ಸಾಧನೆಯ ಮರುದಿನ ಬಾಳುವುದು ಹೇಗೆ?

ಕಡಲಿಲ್ಲದ ಪೊಳ್ಳಾಚಿಯಲ್ಲಿದ್ದೂ ನಾವು ಈ ಪ್ರಶ್ನೆಯನ್ನು ಬಲ್ಲೆವು. ನಿವೃತ್ತಿಯ ಮರುದಿನ ಶಾಲೆಯ ಗಂಟೆ ಕೇಳಿ ಎದ್ದು ನಿಂತೆವು, ಹೋಗಬೇಕಾದ ತರಗತಿಯಿರಲಿಲ್ಲ. ತಿಂಗಳುಗಟ್ಟಲೆ ಮನೆಯವರ ಮೇಲೆ ಸಿಡುಕಿದೆವು. ನೆರೆಮನೆಯ ಮಗುವಿಗೆ ಕನ್ನಡದ ಅಕ್ಷರ ತಿದ್ದಿಸತೊಡಗಿದ ಮೇಲೆಯೇ ಮನಸ್ಸು ನೆಲೆಗೊಂಡಿತು.

ಅನನ್ಯಾ ಅವರ ಯಾನವೂ ಚಾಮರಾಜನಗರದ ದೀನಬಂಧು ಸಂಸ್ಥೆಗೆ ನೆರವು ಕೂಡಿಸಿತು. ದೋಣಿ ದಡ ಮುಟ್ಟಿದರೂ ಮಕ್ಕಳ ಹಸಿವು, ಓದು ನಿಲ್ಲುವುದಿಲ್ಲ. ತನಗಾಗಿಯೇ ಮಾಡಿದ ಸಾಧನೆ ದಡದಲ್ಲಿ ಮುಗಿಯುತ್ತದೆ. ಪರರಿಗಾಗಿ ಮಾಡಿದ್ದು ನಿತ್ಯದ ಬದುಕಿನಲ್ಲಿ ಮುಂದುವರಿಯುತ್ತದೆ.