ಆಯಿಲ್ ದೀಪ ಹತ್ತುವ ಮುನ್ನ

ಬರ್ಕ್ಲಿಯ ಮರಿನ್ ಅವೆನ್ಯೂ ಏರು ಹತ್ತಿದವರಿಗೆ ಹಳೇ ಕಾರಿನ ಏದುಸಿರು ಗೊತ್ತು. ಊರಿನಿಂದ ಹೊಸದಾಗಿ ಬಂದ ವಿದ್ಯಾರ್ಥಿಯೊಬ್ಬನಿಗೆ ನನ್ನ ಕಾರು ಕೊಟ್ಟಿದ್ದೆ. ಅದು ಆಯಿಲ್ ಕುಡಿಯುತ್ತದೆಂದು ಬಲ್ಲೆ; ಹೇಳಲಿಲ್ಲ. ಆ ಏರಿನಲ್ಲೇ ಎಂಜಿನ್ ಸೀಜ್ ಆಯಿತು. "ದೀಪ ಹತ್ತಿದ ಮೇಲೂ ಓಡಿಸಿದೆ, ತಪ್ಪು ನನ್ನದೇ ಅಂಕಲ್, ದುಡ್ಡು ಕೊಡ್ತೀನಿ" ಎಂದ. ತೆಗೆದುಕೊಳ್ಳುವುದು ನ್ಯಾಯವೇ?

ಸಾಮಾನ್ಯವಾಗಿ ಆ ಕೆಂಪು ದೀಪ ಹತ್ತುವುದು ಆಯಿಲ್ ಕಡಿಮೆಯಾದಾಗಲ್ಲ, ಅದರ ಒತ್ತಡ ಕುಸಿದಾಗ. ಅಷ್ಟರಲ್ಲಿ ಲೋಹಕ್ಕೆ ಲೋಹ ಉಜ್ಜತೊಡಗಿರಬಹುದು. ಮಟ್ಟ ತಿಳಿಯಲು ಬಾನೆಟ್ ಎತ್ತಿ ಡಿಪ್‌ಸ್ಟಿಕ್ ನೋಡಬೇಕು. ನೋಡಿ ಸುಮ್ಮನಿದ್ದವನು ನಾನು.

ಕಾರು ಕೊಟ್ಟದ್ದು ಉಪಕಾರವೇ. ಆದರೆ ಗೊತ್ತಿದ್ದ ದೋಷ ಹೇಳದೆ ಕೊಟ್ಟರೆ, ನಮ್ಮ ಅಸಡ್ಡೆಯನ್ನು ಇನ್ನೊಬ್ಬನ ತಲೆಗೆ ಕಟ್ಟಿದಂತೆ. ಅವನ ತಪ್ಪು ಐದು ನಿಮಿಷದ್ದು, ನನ್ನದು ಎರಡು ತಿಂಗಳದ್ದು. ಹಣ ಬೇಡವೆಂದೆ; ಕಾರಣವನ್ನೂ ಹೇಳಿದೆ. ಹೇಳುವುದೇ ಕಷ್ಟವಾಯಿತು.